ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ (1908 – ಡಿಸೆಂಬರ್ 1, 1980) ಮೈಸೂರು ರಾಜ್ಯದ ಎರಡನೆಯ ಮುಖ್ಯಮಂತ್ರಿಗಳು, ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರು, ಕೇಂದ್ರ ಸಚಿವರು ಹಾಗೂ ಸ್ವತಂತ್ರ ಭಾರತದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರು. 1952ರ ಮಾರ್ಚ್ 30ರಿಂದ 1956ರ ಆಗಸ್ಟ್ 19ರವರೆಗೆ ಅವರು ಮೈಸೂರು ರಾಜ್ಯದ ಆಡಳಿತ ನಡೆಸಿದರು. ಬೆಂಗಳೂರಿನ ವಿಧಾನಸೌಧದ ನಿರ್ಮಾತೃ ಎಂದೇ ಅವರು ಜನಸಾಮಾನ್ಯರಿಗೆ ಪರಿಚಿತರು.

ಹನುಮಂತಯ್ಯನವರ ರಾಜಕೀಯ ಜೀವನವು ಎರಡು ಪ್ರಶ್ನೆಗಳೊಂದಿಗೆ ನಿಕಟವಾಗಿ ಹೆಣೆದುಕೊಂಡಿದೆ. ಮೊದಲನೆಯದು, ಪ್ರಜಾಪ್ರಭುತ್ವದ ಶಾಸಕಾಂಗಕ್ಕಾಗಿ ಬಡ ರಾಜ್ಯವೊಂದು ಎಷ್ಟು ಹಣ ವ್ಯಯಿಸಬಹುದು ಎಂಬುದು. ಎರಡನೆಯದು, ರಾಜ್ಯದ ಗಡಿಯನ್ನೂ ಅದರೊಳಗಿನ ಚುನಾವಣಾ ಕ್ಷೇತ್ರಗಳ ಗಡಿಯನ್ನೂ ಹೊಸದಾಗಿ ಎಳೆದಾಗ ಯಾರಿಗೆ ಅಧಿಕಾರ ದೊರೆಯುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದು. ಈ ಎರಡೂ ವಿಷಯಗಳಲ್ಲಿ ಅವರು ತಳೆದ ನಿಲುವು ಅವರಿಗೆ ಕೀರ್ತಿಯನ್ನು ತಂದಿತು. ಮುಖ್ಯಮಂತ್ರಿ ಪದವಿಯನ್ನು ಕಳೆದುಕೊಳ್ಳುವುದಕ್ಕೂ ಕಾರಣವಾಯಿತು.

ಜನನ ಮತ್ತು ಶಿಕ್ಷಣ

ಹನುಮಂತಯ್ಯನವರು 1908ರ ಫೆಬ್ರವರಿಯಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ರೈತ ಕುಟುಂಬವೊಂದರಲ್ಲಿ ಜನಿಸಿದರು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಪಕ್ಕದಲ್ಲಿರುವ ಕೆಂಗಲ್ ಆಂಜನೇಯಸ್ವಾಮಿ ದೇವಾಲಯವು ಈ ಭಾಗದ ಜನರ ಶ್ರದ್ಧಾಕೇಂದ್ರ. ಅವರ ಹೆಸರಿನೊಂದಿಗೆ ಶಾಶ್ವತವಾಗಿ ಸೇರಿಕೊಂಡ ಕೆಂಗಲ್ ಎಂಬ ಪದವು ಈ ಸ್ಥಳದಿಂದ ಬಂದುದು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದ ಅವರು ಪುಣೆಯ ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ 1932ರಲ್ಲಿ ಕಾನೂನು ಪದವೀಧರರಾದರು. ವಿದ್ಯಾರ್ಥಿ ದೆಸೆಯಲ್ಲಿಯೇ ವಿದ್ಯಾರ್ಥಿ ಸಂಘ ಮತ್ತು ಕನ್ನಡ ಸಂಘಟನೆಗಳಲ್ಲಿ ತೊಡಗಿಕೊಂಡಿದ್ದರು. ಬೆಂಗಳೂರಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರಾದರೂ ಅವರ ಒಲವು ಬಹುಬೇಗ ರಾಷ್ಟ್ರೀಯ ಚಳವಳಿಯ ಕಡೆಗೆ ಹರಿಯಿತು.

ಪ್ರಜಾಪ್ರತಿನಿಧಿ ಸಭೆ ಮತ್ತು ಸ್ವಾತಂತ್ರ್ಯ ಚಳವಳಿ

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಗೊಂಡಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಅಸ್ತಿತ್ವಕ್ಕೆ ಬಂದಿತು. ದೇಶೀಯ ಸಂಸ್ಥಾನಗಳ ಮಟ್ಟಿಗೆ ಇವು ಮುಂಚೂಣಿಯ ಸಂಸ್ಥೆಗಳಾಗಿದ್ದವು. ಆದರೆ ಮತದಾನದ ಹಕ್ಕು ಆಸ್ತಿ, ಕಂದಾಯ ಮತ್ತು ವಿದ್ಯಾರ್ಹತೆಯುಳ್ಳ ಅಲ್ಪಸಂಖ್ಯೆಯ ಜನರಿಗೆ ಸೀಮಿತವಾಗಿತ್ತು. ಆಯವ್ಯಯದ ಬಗ್ಗೆ ಸದಸ್ಯರು ಪ್ರಶ್ನಿಸಬಹುದಿತ್ತು, ಚರ್ಚಿಸಬಹುದಿತ್ತು. ಅಂತಿಮ ನಿರ್ಧಾರ ಮಾತ್ರ ದಿವಾನರ ಸರ್ಕಾರದ ಕೈಯಲ್ಲಿತ್ತು.

ಹನುಮಂತಯ್ಯನವರು 1940ರಲ್ಲಿ ಈ ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಜವಾಬ್ದಾರಿ ಸರ್ಕಾರದ ಬೇಡಿಕೆಯು 1938ರ ಶಿವಪುರ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರಿನ ತರುವಾಯ ಸಂಸ್ಥಾನದಾದ್ಯಂತ ತೀವ್ರಗೊಂಡಿದ್ದ ಕಾಲವದು. ಕಾಂಗ್ರೆಸ್ಸಿನ ಯುವ ನಾಯಕರಲ್ಲಿ ಒಬ್ಬರಾಗಿ ಅವರು ಸಭೆಯ ಒಳಗೂ ಹೊರಗೂ ಈ ಬೇಡಿಕೆಯನ್ನು ಮಂಡಿಸಿದರು. ಚಳವಳಿಯಲ್ಲಿ ಹಲವು ಬಾರಿ ಸೆರೆವಾಸವನ್ನು ಅನುಭವಿಸಿದರು. 1947ರ ಮೈಸೂರು ಚಲೋ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಅಧಿಕಾರಕ್ಕೆ ಬಂದಿತು.

ಸಂವಿಧಾನ ರಚನಾ ಸಭೆಯಲ್ಲಿ

ಭಾರತದ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರಿಗೆ 7 ಸ್ಥಾನಗಳು ದೊರೆತಿದ್ದವು. ಆ ಪ್ರತಿನಿಧಿಗಳಲ್ಲಿ ಹನುಮಂತಯ್ಯನವರೂ ಒಬ್ಬರು. 1949ರ ನವೆಂಬರಿನಲ್ಲಿ ಸಂವಿಧಾನದ ಕರಡು ಕೊನೆಯ ಹಂತದ ಚರ್ಚೆಗೆ ಬಂದಾಗ ಅವರು ಮಾಡಿದ ಭಾಷಣವು ಇಂದಿಗೂ ಉಲ್ಲೇಖಗೊಳ್ಳುತ್ತದೆ. ವೀಣೆಯ ನಾದವನ್ನು ನಿರೀಕ್ಷಿಸಿದ್ದ ದೇಶಕ್ಕೆ ಇಂಗ್ಲಿಷ್ ಬ್ಯಾಂಡಿನ ಸಂಗೀತ ದೊರೆತಿದೆ ಎಂಬ ಹೋಲಿಕೆಯ ಮೂಲಕ, ಕರಡಿನಲ್ಲಿ ದೇಶೀಯ ಪರಂಪರೆಯ ಮತ್ತು ಅಧಿಕಾರ ವಿಕೇಂದ್ರೀಕರಣದ ಅಂಶಗಳು ಸಾಲದಾಗಿವೆ ಎಂದು ಅವರು ವಿಮರ್ಶಿಸಿದರು. ಆಡಳಿತದ ಹೊರರೂಪವೂ ದೇಶದ ಮಣ್ಣಿನಿಂದ ಮೂಡಬೇಕೆಂಬ ಅವರ ಈ ನಂಬಿಕೆಯೇ ಮುಂದೆ ಬೆಂಗಳೂರಿನಲ್ಲಿ ಕಲ್ಲಿನ ರೂಪವನ್ನು ತಳೆಯಿತು.

ಅದೇ ಸಂವಿಧಾನವು ಶಾಸಕಾಂಗಗಳ ವೆಚ್ಚ ಮತ್ತು ಕ್ಷೇತ್ರಗಳ ಕುರಿತು ಕೆಲವು ನಿಯಮಗಳನ್ನು ವಿಧಿಸಿತು. 195ನೆಯ ಅನುಚ್ಛೇದದಂತೆ ರಾಜ್ಯದ ಶಾಸಕರ ವೇತನ ಮತ್ತು ಭತ್ಯೆಗಳನ್ನು ರಾಜ್ಯದ ಶಾಸಕಾಂಗವೇ ಕಾನೂನಿನ ಮೂಲಕ ನಿರ್ಧರಿಸಬೇಕು. ಸರ್ಕಾರದ ಯಾವುದೇ ವೆಚ್ಚಕ್ಕೆ ಸಂಚಿತ ನಿಧಿಯಿಂದ ಹಣ ಪಡೆಯಬೇಕಾದರೆ ಧನವಿನಿಯೋಗ ಕಾಯಿದೆ ಅಂಗೀಕಾರವಾಗಬೇಕು. 170ನೆಯ ಅನುಚ್ಛೇದವು ವಿಧಾನಸಭೆಯ ಕ್ಷೇತ್ರಗಳನ್ನು ಪ್ರತಿ ಜನಗಣತಿಯ ನಂತರ ಮರುಹೊಂದಿಸಬೇಕೆಂದು ಹೇಳಿತು. 329ನೆಯ ಅನುಚ್ಛೇದವು ಇಂತಹ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ವಿಧಿಸಿತು.

ಮುಖ್ಯಮಂತ್ರಿಯಾಗಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯು ವಯಸ್ಕ ಮತದಾನದ ಆಧಾರದ ಮೇಲೆ ನಡೆಯಿತು. ಆ ಚುನಾವಣೆಗೆ ಕ್ಷೇತ್ರಗಳನ್ನು ಗೊತ್ತುಮಾಡಿದ್ದು ರಾಷ್ಟ್ರಪತಿಗಳ ಆದೇಶ. ಮೈಸೂರು ವಿಧಾನಸಭೆಗೆ 80 ಕ್ಷೇತ್ರಗಳಿಂದ 99 ಸದಸ್ಯರು ಆಯ್ಕೆಯಾಗಬೇಕಿತ್ತು. ಇವುಗಳಲ್ಲಿ 19 ಕ್ಷೇತ್ರಗಳು ತಲಾ ಇಬ್ಬರು ಸದಸ್ಯರನ್ನು ಕಳುಹಿಸುವ ದ್ವಿಸದಸ್ಯ ಕ್ಷೇತ್ರಗಳಾಗಿದ್ದವು. ಕಾಂಗ್ರೆಸ್ 74 ಸ್ಥಾನಗಳನ್ನು ಗಳಿಸಿತು. ರಾಮನಗರದಿಂದ ಆಯ್ಕೆಯಾದ ಹನುಮಂತಯ್ಯನವರು ಶಾಸಕಾಂಗ ಪಕ್ಷದ ನಾಯಕರಾಗಿ, ಮಾರ್ಚ್ 30ರಂದು ಮುಖ್ಯಮಂತ್ರಿಯಾಗಿ ಅಧಿಕಾರ ಸ್ವೀಕರಿಸಿದರು. ಆಗ ಅವರಿಗೆ 44 ವರ್ಷ.

ಅವರ ಆಡಳಿತದ ಅವಧಿಯಲ್ಲಿ ವೈಯಕ್ತಿಕ ಮತ್ತು ಇತರ ಇನಾಮುಗಳನ್ನು ರದ್ದುಗೊಳಿಸುವ 1954ರ ಕಾಯಿದೆ ಹಾಗೂ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳನ್ನು ರದ್ದುಗೊಳಿಸುವ 1955ರ ಕಾಯಿದೆ ಜಾರಿಗೆ ಬಂದವು. ಇನಾಮು ಭೂಮಿಗಳಲ್ಲಿ ತಲೆಮಾರುಗಳಿಂದ ಉಳುತ್ತಿದ್ದ ರೈತರಿಗೆ ಇವು ಮಹತ್ವದ ಶಾಸನಗಳಾಗಿದ್ದವು. ಕನ್ನಡ ಸಾಹಿತ್ಯದಲ್ಲಿ, ವಿಶೇಷವಾಗಿ ಗಮಕ ಮತ್ತು ಹಳಗನ್ನಡ ಕಾವ್ಯಗಳಲ್ಲಿ ಅವರಿಗೆ ಆಸಕ್ತಿಯಿತ್ತು. ಕುಮಾರವ್ಯಾಸ ಭಾರತವನ್ನು ಸರ್ಕಾರದಿಂದ ಅಚ್ಚುಹಾಕಿಸಿ ಅತಿ ಕಡಿಮೆ ಬೆಲೆಗೆ ಮನೆಮನೆಗೆ ತಲುಪಿಸುವ ಯೋಜನೆಯ ಹಿಂದೆ ಅವರ ಪ್ರೇರಣೆಯಿತ್ತು.

ವಿಧಾನಸೌಧದ ನಿರ್ಮಾಣ

ಸ್ವಾತಂತ್ರ್ಯದ ನಂತರ ಮೈಸೂರಿನ ಶಾಸಕಾಂಗಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಸಭೆಗಳು ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಅಠಾರ ಕಚೇರಿಯಲ್ಲಿ, ಅಂದರೆ ಇಂದಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡದಲ್ಲಿ ನಡೆಯುತ್ತಿದ್ದವು. ಶಾಸಕಾಂಗ ಮತ್ತು ಸಚಿವಾಲಯಗಳಿಗೆ ಪ್ರತ್ಯೇಕ ಕಟ್ಟಡ ಬೇಕೆಂಬ ಯೋಜನೆ ಕೆ. ಸಿ. ರೆಡ್ಡಿಯವರ ಕಾಲದಲ್ಲಿ ರೂಪುಗೊಂಡಿತು. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರು ಶಂಕುಸ್ಥಾಪನೆ ನೆರವೇರಿಸಿದರು. ಆಗ ಉದ್ದೇಶಿಸಿದ್ದುದು ಮಿತವ್ಯಯದ ಸರಳ ಕಟ್ಟಡ.

ಹನುಮಂತಯ್ಯನವರು ಅಧಿಕಾರಕ್ಕೆ ಬಂದ ಮೇಲೆ ಈ ನಕ್ಷೆ ಸಂಪೂರ್ಣ ಬದಲಾಯಿತು. ಬೆಂಗಳೂರಿಗೆ ಭೇಟಿ ನೀಡಿದ್ದ ಸೋವಿಯತ್ ನಿಯೋಗವೊಂದಕ್ಕೆ ನಗರವನ್ನು ತೋರಿಸುವಾಗ, ಇಲ್ಲಿಯ ಮುಖ್ಯ ಕಟ್ಟಡಗಳೆಲ್ಲ ಐರೋಪ್ಯ ಶೈಲಿಯವು, ನಿಮ್ಮದೇ ವಾಸ್ತುಶಿಲ್ಪ ಎಲ್ಲಿದೆ ಎಂಬ ಅರ್ಥದ ಪ್ರಶ್ನೆ ಬಂದುದರಿಂದ ಅವರ ಮನಸ್ಸು ಕಲಕಿತೆಂಬ ಪ್ರಸಂಗ ವ್ಯಾಪಕವಾಗಿ ಪ್ರಚಲಿತವಾಗಿದೆ. ಜನಾಡಳಿತದ ಕೇಂದ್ರವು ಅರಮನೆಗಿಂತಲೂ ವಸಾಹತುಶಾಹಿಯ ಕಚೇರಿಗಳಿಗಿಂತಲೂ ಕಡಿಮೆಯದಾಗಿ ಕಾಣಬಾರದು ಎಂಬುದು ಅವರ ನಿಲುವಾಗಿತ್ತು.

ಸರ್ಕಾರದ ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ಮಾರ್ಗದರ್ಶನದಲ್ಲಿ ಹೊಸ ವಿನ್ಯಾಸ ಸಿದ್ಧವಾಯಿತು. ದ್ರಾವಿಡ ದೇವಾಲಯ ಶೈಲಿಯ ಅಂಶಗಳನ್ನು ಪ್ರಧಾನವಾಗಿರಿಸಿಕೊಂಡು, ಗುಮ್ಮಟ ಮತ್ತು ಕಮಾನುಗಳನ್ನೂ ಅದರೊಂದಿಗೆ ಬೆಸೆಯಲಾಯಿತು. ಸುಮಾರು 700 ಅಡಿ ಉದ್ದ ಮತ್ತು 350 ಅಡಿ ಅಗಲದ ಈ ಕಟ್ಟಡದ ಮುಂಭಾಗದಲ್ಲಿ 40 ಅಡಿ ಎತ್ತರದ 12 ಕಲ್ಲಿನ ಕಂಬಗಳಿವೆ. ಕೇಂದ್ರ ಗುಮ್ಮಟದ ವ್ಯಾಸ 60 ಅಡಿ. ಬೆಂಗಳೂರಿನ ಸುತ್ತಮುತ್ತಲಿನ ಬೂದುಬಣ್ಣದ ಕಣಶಿಲೆ, ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಲ್ಲುಗಳನ್ನು ಬಳಸಲಾಯಿತು. ಸುಮಾರು 5000 ಕೆಲಸಗಾರರು ಮತ್ತು 1500ರಷ್ಟು ಕಲ್ಲುಕುಟಿಗರು, ಗಾರೆ ಕೆಲಸಗಾರರು ಹಾಗೂ ಮರಗೆತ್ತನೆಯವರು ಇಲ್ಲಿ ದುಡಿದರು. ಸೆರೆಮನೆಯ ಕೈದಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ತೊಡಗಿಸಿದ್ದು ಈ ನಿರ್ಮಾಣದ ವೈಶಿಷ್ಟ್ಯ. ಮುಖ್ಯಮಂತ್ರಿಗಳು ಸ್ವತಃ ಆಗಾಗ ಸ್ಥಳಕ್ಕೆ ಬಂದು ಕೆತ್ತನೆಯ ವಿವರಗಳನ್ನು ಪರಿಶೀಲಿಸುತ್ತಿದ್ದರು. ಸರ್ಕಾರದ ಸೇವೆಯು ದೇವರ ಸೇವೆಗೆ ಸಮಾನವೆಂದು ಸಾರುವ ಬರೆಹವನ್ನು ಕಟ್ಟಡದ ಮುಂಭಾಗದಲ್ಲಿ ಕೆತ್ತಿಸಲಾಯಿತು.

ವೆಚ್ಚದ ವಿವಾದ ಮತ್ತು ವಿಚಾರಣೆ

ಕಟ್ಟಡ ಮೇಲೇಳುತ್ತಿದ್ದಂತೆ ವೆಚ್ಚವೂ ಏರುತ್ತ ಹೋಯಿತು. ಮೊದಲ ಯೋಜನೆಯ ಅಂದಾಜು ಕೆಲವು ಹತ್ತು ಲಕ್ಷಗಳ ಮಟ್ಟದಲ್ಲಿದ್ದರೆ, ಪೂರ್ಣಗೊಳ್ಳುವ ವೇಳೆಗೆ ಖರ್ಚು ಒಂದೂಮುಕ್ಕಾಲು ಕೋಟಿ ರೂಪಾಯಿಗಳನ್ನು ಮುಟ್ಟಿತ್ತು. 90 ಲಕ್ಷ ಜನಸಂಖ್ಯೆಯ, ಕೃಷಿಯನ್ನೇ ನೆಚ್ಚಿಕೊಂಡಿದ್ದ ರಾಜ್ಯಕ್ಕೆ ಅದು ದೊಡ್ಡ ಮೊತ್ತ. ಶಾಲೆ, ಆಸ್ಪತ್ರೆ, ಕೆರೆಗಳಿಗೆ ಸಲ್ಲಬೇಕಾದ ಹಣವು ಕಲ್ಲಿನ ಕೆತ್ತನೆಗೆ ಹೋಗುತ್ತಿದೆ ಎಂಬ ಆಕ್ಷೇಪ ವಿರೋಧ ಪಕ್ಷಗಳಿಂದಷ್ಟೇ ಅಲ್ಲದೆ ಆಡಳಿತ ಪಕ್ಷದ ಒಳಗಿನಿಂದಲೂ ಕೇಳಿಬಂದಿತು.

ಆಕ್ಷೇಪದ ಮೂಲವು ಮೊತ್ತದಲ್ಲಿ ಮಾತ್ರವಿರಲಿಲ್ಲ, ಕ್ರಮದಲ್ಲಿಯೂ ಇತ್ತು. ಸರ್ಕಾರಿ ಕಾಮಗಾರಿಯೊಂದಕ್ಕೆ ಮೊದಲು ನಕ್ಷೆ ಮತ್ತು ಅಂದಾಜುಪಟ್ಟಿ ಸಿದ್ಧವಾಗಬೇಕು, ಆಡಳಿತಾತ್ಮಕ ಮಂಜೂರಾತಿ ದೊರೆಯಬೇಕು, ಆಯವ್ಯಯದಲ್ಲಿ ಹಣ ನಿಗದಿಯಾಗಬೇಕು, ಅನಂತರ ಕೆಲಸ ಆರಂಭವಾಗಬೇಕು ಎಂಬುದು ನಿಯಮ. ವಿಧಾನಸೌಧದ ವಿಷಯದಲ್ಲಿ ಕೆಲಸ ನಡೆಯುತ್ತಿರುವಾಗಲೇ ವಿನ್ಯಾಸ ಬದಲಾಗುತ್ತಿತ್ತು. ಶಾಸಕಾಂಗದ ಹಿರಿಮೆಗಾಗಿ ಕಟ್ಟುತ್ತಿದ್ದ ಸೌಧದಲ್ಲಿಯೇ ಹಣಕಾಸಿನ ಮೇಲಿನ ಶಾಸಕಾಂಗದ ಹಿಡಿತವು ಸಡಿಲವಾಯಿತೆಂಬುದು ಟೀಕಾಕಾರರ ಮುಖ್ಯ ವಾದವಾಗಿತ್ತು.

ಹನುಮಂತಯ್ಯನವರು ಅಧಿಕಾರ ತ್ಯಜಿಸಿದ ನಂತರ ಸರ್ಕಾರವು ಈ ನಿರ್ಮಾಣದ ಕುರಿತು ವಿಚಾರಣಾ ಸಮಿತಿಯನ್ನು ನೇಮಿಸಿತು. ಅವರು ತಮ್ಮ ನಿರ್ಧಾರಗಳನ್ನು ಕೊನೆಯವರೆಗೂ ಸಮರ್ಥಿಸಿಕೊಂಡರು. ಸಾರ್ವಜನಿಕ ಕಟ್ಟಡದ ಬೆಲೆಯನ್ನು ಒಂದು ವರ್ಷದ ಲೆಕ್ಕಪತ್ರದಿಂದ ಅಳೆಯಬಾರದು, ಅದು ಎಷ್ಟು ತಲೆಮಾರುಗಳಿಗೆ ಸಲ್ಲುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಅವರ ಪರವಾಗಿ ಹೇಳಲಾಗುವ ವಾದ. ಮುಂದಿನ ದಶಕಗಳಲ್ಲಿ ಈ ಕಟ್ಟಡದ ಒಂದು ವರ್ಷದ ನಿರ್ವಹಣೆಯ ವೆಚ್ಚವೇ ಅದರ ಮೂಲ ನಿರ್ಮಾಣ ವೆಚ್ಚವನ್ನು ಮೀರಿತು. ಆದರೂ ಹಣದ ಬೆಲೆಯಲ್ಲಿನ ಇಳಿಕೆಯನ್ನು ಗಮನಿಸದೆ ಈ ಎರಡು ಮೊತ್ತಗಳನ್ನು ನೇರವಾಗಿ ಹೋಲಿಸುವುದು ಸಾಧುವಲ್ಲ. ಕಾರ್ಯವಿಧಾನದ ಬಗ್ಗೆ ಎದ್ದ ಪ್ರಶ್ನೆಗಳಿಗೆ ಕಟ್ಟಡದ ಸೌಂದರ್ಯ ಉತ್ತರವಾಗಲಾರದು ಎಂಬ ಅಭಿಪ್ರಾಯವೂ ಉಳಿದುಕೊಂಡಿದೆ.

ಕರ್ನಾಟಕ ಏಕೀಕರಣ ಮತ್ತು ರಾಜೀನಾಮೆ

ಕನ್ನಡ ಮಾತನಾಡುವ ಜನರು ಅಂದು ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ 7 ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು ಮತ್ತು ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗದ ರಚನೆಯಾಯಿತು.

ಹಳೆಯ ಮೈಸೂರಿನಲ್ಲಿ ಏಕೀಕರಣಕ್ಕೆ ಪ್ರಬಲ ವಿರೋಧವಿತ್ತು. ಆರ್ಥಿಕವಾಗಿ ಹಿಂದುಳಿದ ಪ್ರದೇಶಗಳ ಭಾರ ಮೈಸೂರಿನ ಬೊಕ್ಕಸದ ಮೇಲೆ ಬೀಳುತ್ತದೆ, ದಕ್ಷವೆಂದು ಹೆಸರಾದ ಆಡಳಿತ ಪರಂಪರೆ ಕೆಡುತ್ತದೆ ಎಂಬುದು ಬಹಿರಂಗವಾಗಿ ಹೇಳಲಾಗುತ್ತಿದ್ದ ಕಾರಣ. ವಿಸ್ತೃತ ರಾಜ್ಯದಲ್ಲಿ ಶಾಸಕರ ಸಂಖ್ಯಾಬಲವು ಉತ್ತರಕ್ಕೆ ವಾಲುತ್ತದೆ, ಹಳೆಯ ಮೈಸೂರಿನ ಒಕ್ಕಲಿಗ ನಾಯಕತ್ವವು ಪ್ರಾಬಲ್ಯವನ್ನು ಕಳೆದುಕೊಳ್ಳುತ್ತದೆ ಎಂಬ ಆತಂಕವೂ ಅದರ ಹಿಂದೆ ಇತ್ತು. ಕನ್ನಡಿಗರಿಗೆ ಎರಡು ರಾಜ್ಯಗಳಿರಲಿ ಎಂಬ ಸಲಹೆಯನ್ನು ಹಲವು ನಾಯಕರು ಮುಂದಿಟ್ಟರು.

ಹನುಮಂತಯ್ಯನವರು ಸ್ವತಃ ಹಳೆಯ ಮೈಸೂರಿನ ಒಕ್ಕಲಿಗ ಸಮುದಾಯದವರು. ಕ್ಷೇತ್ರಗಳ ಲೆಕ್ಕಾಚಾರವು ತಮಗೆ ಅನುಕೂಲವಲ್ಲವೆಂಬುದು ಅವರಿಗೆ ಅರಿವಿರದ ಸಂಗತಿಯಾಗಿರಲಿಲ್ಲ. ಹೊರಗಿನ ಕನ್ನಡ ಪ್ರದೇಶಗಳ ಸ್ಥಿತಿಗತಿಗಳನ್ನು ಅರಿಯಲು ಅವರ ಸರ್ಕಾರ ಸತ್ಯಶೋಧನಾ ಸಮಿತಿಯೊಂದನ್ನು ನೇಮಿಸಿತು. ಅಂತಿಮವಾಗಿ ಅವರು ಒಂದೇ ರಾಜ್ಯದ ಪರವಾಗಿ ನಿಂತರು. 1955ರ ಸೆಪ್ಟೆಂಬರಿನಲ್ಲಿ ಆಯೋಗವು ವರದಿ ಸಲ್ಲಿಸಿ, ಎರಡು ಕನ್ನಡ ರಾಜ್ಯಗಳ ಸಲಹೆಯನ್ನು ತಳ್ಳಿಹಾಕಿ ಏಕೀಕೃತ ರಾಜ್ಯವನ್ನು ಶಿಫಾರಸು ಮಾಡಿತು. ವರದಿಯು ವಿಧಾನಮಂಡಲದ ಚರ್ಚೆಗೆ ಬಂದಾಗ ತಮ್ಮದೇ ಬೆಂಬಲಿಗರ ಅಸಮಾಧಾನದ ನಡುವೆಯೂ ಮುಖ್ಯಮಂತ್ರಿಗಳು ಏಕೀಕರಣವನ್ನು ಸಮರ್ಥಿಸಿದರು.

ವಿಧಾನಸೌಧದ ವೆಚ್ಚ, ಏಕೀಕರಣದ ನಿಲುವು ಮತ್ತು ಅವರ ಕಠಿಣ ಕಾರ್ಯಶೈಲಿ ಇವೆಲ್ಲವೂ ಸೇರಿ ಪಕ್ಷದೊಳಗೆ ಭಿನ್ನಮತ ಬಲಿಯಿತು. ಶಾಸಕಾಂಗ ಪಕ್ಷದ ವಿಶ್ವಾಸವನ್ನು ಕಳೆದುಕೊಂಡ ಅವರು 1956ರ ಆಗಸ್ಟಿನಲ್ಲಿ ರಾಜೀನಾಮೆ ನೀಡಿದರು. ಆಗಸ್ಟ್ 19ರಂದು ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಮುಖ್ಯಮಂತ್ರಿಯ ಸ್ಥಾನದಲ್ಲಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಏಕೀಕರಣಕ್ಕಾಗಿ ತಮ್ಮ ಪ್ರದೇಶದ ವಿರೋಧವನ್ನು ಕಟ್ಟಿಕೊಂಡ ಹನುಮಂತಯ್ಯನವರಿಗೆ ಏಕೀಕೃತ ರಾಜ್ಯದ ಚುಕ್ಕಾಣಿ ದೊರೆಯಲಿಲ್ಲ.

ಹೊಸ ರಾಜ್ಯ, ಹೊಸ ಕ್ಷೇತ್ರಗಳು

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ರಾಜ್ಯಗಳ ಗಡಿಯ ಜೊತೆಗೆ ಶಾಸಕಾಂಗಗಳ ರಚನೆಯನ್ನೂ ನಿಗದಿಪಡಿಸಿತು. ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗಿನಿಂದ ಬಂದ ಪ್ರದೇಶಗಳ ಶಾಸಕರು ಉಳಿದ ಅವಧಿಗೆ ಮೈಸೂರು ವಿಧಾನಸಭೆಯ ಸದಸ್ಯರಾದರು. ಕ್ಷೇತ್ರ ಪುನರ್ವಿಂಗಡಣೆಯ ಬಳಿಕ 1957ರಲ್ಲಿ ನಡೆದ ಚುನಾವಣೆಯಲ್ಲಿ ವಿಧಾನಸಭೆಯ ಸ್ಥಾನಗಳು 208ಕ್ಕೆ ಏರಿದವು. ಲೋಕಸಭೆಯಲ್ಲಿ 1952ರಲ್ಲಿ 11 ಸ್ಥಾನಗಳನ್ನು ಹೊಂದಿದ್ದ ರಾಜ್ಯಕ್ಕೆ 26 ಸ್ಥಾನಗಳು ದೊರೆತವು.

ಹಳೆಯ ಮೈಸೂರಿನ 99 ಸದಸ್ಯರ ಸಭೆಗೆ ಯೋಚಿಸಿದ್ದ ಸರಳ ಕಟ್ಟಡವೇ ಉಳಿದಿದ್ದರೆ 208 ಸದಸ್ಯರ ವಿಧಾನಸಭೆ, ವಿಧಾನಪರಿಷತ್ತು ಮತ್ತು ಬೆಳೆದ ಸಚಿವಾಲಯಕ್ಕೆ ಅದು ಸಾಲುತ್ತಿರಲಿಲ್ಲ. ದುಂದುವೆಚ್ಚವೆಂದು ಟೀಕೆಗೊಳಗಾದ ಸೌಧವು ಸಿದ್ಧವಾದ ಹೊಸತರಲ್ಲಿಯೇ ಎರಡು ಪಟ್ಟಿಗೂ ಹೆಚ್ಚು ಬೆಳೆದ ಶಾಸಕಾಂಗಕ್ಕೆ ನೆಲೆಯಾಯಿತು. 1957ರ ಚುನಾವಣೆಯಲ್ಲಿ ಹನುಮಂತಯ್ಯನವರು ರಾಮನಗರದಿಂದ ಮತ್ತೆ ಆಯ್ಕೆಯಾಗಿ, ತಾವೇ ಕಟ್ಟಿಸಿದ ಸೌಧದಲ್ಲಿ ಸಾಮಾನ್ಯ ಶಾಸಕರಾಗಿ ಕುಳಿತರು.

ವಿಸ್ತೃತ ರಾಜ್ಯಕ್ಕೆ ಶಾಸಕರ ವೇತನ ಮತ್ತು ಭತ್ಯೆಗಳ ಕುರಿತು ಏಕರೂಪದ ಕಾನೂನು ಅಗತ್ಯವಾಯಿತು. ಇಂದಿಗೂ ಜಾರಿಯಲ್ಲಿರುವ, ಈಗ ಕರ್ನಾಟಕ ವಿಧಾನಮಂಡಲದವರ ಸಂಬಳಗಳ, ನಿವೃತ್ತಿ ವೇತನಗಳ ಮತ್ತು ಭತ್ಯೆಗಳ ಕಾಯಿದೆ ಎಂದು ಕರೆಯಲಾಗುವ ಶಾಸನವು 1956ರ ಹೆಸರನ್ನು ಹೊತ್ತಿದೆ. ಮಂತ್ರಿಗಳ ಸಂಬಳ ಮತ್ತು ಭತ್ಯೆಗಳ ಕಾಯಿದೆಯೂ ಅದೇ ವರ್ಷದ್ದು. ಈ ಶಾಸನಗಳು ಹಲವು ಬಾರಿ ತಿದ್ದುಪಡಿಗೊಂಡಿವೆ. ಶಾಸಕರ ವೇತನವನ್ನು ಶಾಸಕರೇ ಮತಹಾಕಿ ಏರಿಸಿಕೊಳ್ಳುವ ಕ್ರಮದ ಬಗ್ಗೆ ಪ್ರತಿ ತಿದ್ದುಪಡಿಯ ಸಂದರ್ಭದಲ್ಲಿಯೂ ಸಾರ್ವಜನಿಕ ಚರ್ಚೆ ನಡೆಯುತ್ತದೆ. ವಿಧಾನಸೌಧದ ಖರ್ಚಿನ ಚರ್ಚೆಯಲ್ಲಿ ಎದ್ದ ಮೂಲ ಪ್ರಶ್ನೆಯೇ ಇಲ್ಲಿಯೂ ಬೇರೆ ರೂಪದಲ್ಲಿ ಮುಂದುವರಿದಿದೆ.

ಲೋಕಸಭೆ ಮತ್ತು ಆಡಳಿತ ಸುಧಾರಣಾ ಆಯೋಗ

1962ರಲ್ಲಿ ಬೆಂಗಳೂರು ನಗರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ ಹನುಮಂತಯ್ಯನವರು 1967 ಮತ್ತು 1971ರಲ್ಲಿಯೂ ಬೆಂಗಳೂರಿನಿಂದ ಗೆದ್ದು, ಒಟ್ಟು 15 ವರ್ಷ ಸಂಸತ್ತಿನಲ್ಲಿದ್ದರು.

1966ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ ಆಡಳಿತ ಸುಧಾರಣಾ ಆಯೋಗ ರಚನೆಯಾಗಿತ್ತು. 1967ರಲ್ಲಿ ದೇಸಾಯಿಯವರು ಉಪಪ್ರಧಾನಿಯಾದಾಗ ಆಯೋಗದ ಅಧ್ಯಕ್ಷತೆ ಹನುಮಂತಯ್ಯನವರ ಪಾಲಿಗೆ ಬಂದಿತು. 1970ರವರೆಗೆ ಕಾರ್ಯ ನಿರ್ವಹಿಸಿದ ಆಯೋಗವು ಒಟ್ಟು 20 ವರದಿಗಳನ್ನು ಸಲ್ಲಿಸಿತು. ಅವುಗಳಲ್ಲಿ 537 ಶಿಫಾರಸುಗಳಿದ್ದವು. ಕೇಂದ್ರ ಸರ್ಕಾರದ ಆಡಳಿತ ಯಂತ್ರ, ಸಿಬ್ಬಂದಿ ಆಡಳಿತ, ಕೇಂದ್ರ ರಾಜ್ಯ ಸಂಬಂಧಗಳು, ರಾಜ್ಯಗಳ ಆಡಳಿತ, ಹಣಕಾಸು ಮತ್ತು ಲೆಕ್ಕಪರಿಶೋಧನೆ ಮುಂತಾದವು ವರದಿಗಳ ವಿಷಯಗಳಾಗಿದ್ದವು.

ಹಣಕಾಸಿನ ವರದಿಯಲ್ಲಿ ಆಯೋಗವು ಸಾಧನಾ ಆಯವ್ಯಯ ಪದ್ಧತಿಯನ್ನು ಶಿಫಾರಸು ಮಾಡಿತು. ಯಾವ ಬಾಬ್ತಿಗೆ ಎಷ್ಟು ಹಣ ಖರ್ಚಾಯಿತು ಎಂಬುದನ್ನಷ್ಟೇ ತೋರಿಸದೆ, ಆ ಹಣದಿಂದ ಎಷ್ಟು ಕೆಲಸ ಆಯಿತು ಎಂಬುದನ್ನೂ ಶಾಸಕಾಂಗದ ಮುಂದಿಡುವುದು ಈ ಪದ್ಧತಿಯ ತಿರುಳು. ಖರ್ಚಿನ ಕ್ರಮದ ಬಗ್ಗೆ ತೀವ್ರ ಟೀಕೆಯನ್ನು ಎದುರಿಸಿದ್ದ ಮುಖ್ಯಮಂತ್ರಿಯೊಬ್ಬರು ದೇಶದ ಲೆಕ್ಕಪತ್ರ ಸುಧಾರಣೆಯ ನೇತೃತ್ವ ವಹಿಸಿದ್ದು ಅವರ ಜೀವನದ ಗಮನಾರ್ಹ ಸಂಗತಿಗಳಲ್ಲಿ ಒಂದು.

1970ರಲ್ಲಿ ಅವರು ಇಂದಿರಾ ಗಾಂಧಿಯವರ ಸಂಪುಟದಲ್ಲಿ ಕಾನೂನು ಸಚಿವರಾದರು. 1971ರ ಮಾರ್ಚ್‌ನಿಂದ 1972ರ ಜುಲೈವರೆಗೆ ರೈಲ್ವೆ ಸಚಿವರಾಗಿದ್ದರು. ಅವರ ನಂತರ ಆ ಖಾತೆಯನ್ನು ವಹಿಸಿಕೊಂಡವರೂ ಕನ್ನಡಿಗರೇ ಆದ ಟಿ. ಎ. ಪೈ.

1977ರ ಚುನಾವಣೆ ಮತ್ತು ನಿಧನ

1971ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳು ಮತ್ತೊಮ್ಮೆ ಬದಲಾದವು. ಲೋಕಸಭೆಯಲ್ಲಿ ಕರ್ನಾಟಕದ ಸ್ಥಾನಗಳು 27ರಿಂದ 28ಕ್ಕೆ ಏರಿದವು. ವಿಧಾನಸಭೆಯ ಸ್ಥಾನಗಳು 216ರಿಂದ 224ಕ್ಕೆ ಏರಿ, 1978ರ ಚುನಾವಣೆಯಲ್ಲಿ ಜಾರಿಗೆ ಬಂದವು. ಹನುಮಂತಯ್ಯನವರು 1971ರಲ್ಲಿ ಪ್ರತಿನಿಧಿಸಿದ್ದ ಬೆಂಗಳೂರು ಕ್ಷೇತ್ರದ ಸ್ಥಾನದಲ್ಲಿ ಬೆಂಗಳೂರು ಉತ್ತರ ಮತ್ತು ಬೆಂಗಳೂರು ದಕ್ಷಿಣ ಎಂಬ ಕ್ಷೇತ್ರಗಳು ಬಂದವು.

1977ರ ಚುನಾವಣೆಯಲ್ಲಿ ಅವರು ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸ್ಪರ್ಧಿಸಿದರು. ಅವರ ಎದುರಾಳಿ, 1973ರಲ್ಲಿ ಹಿರಿತನವನ್ನು ಕಡೆಗಣಿಸಿ ಮುಖ್ಯ ನ್ಯಾಯಮೂರ್ತಿಯ ನೇಮಕ ನಡೆದಾಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸ್ಥಾನಕ್ಕೆ ರಾಜೀನಾಮೆ ನೀಡಿದ್ದ ಕೆ. ಎಸ್. ಹೆಗ್ಡೆ. ತುರ್ತುಪರಿಸ್ಥಿತಿಯ ನಂತರದ ಆ ಚುನಾವಣೆಯಲ್ಲಿ ರಾಜ್ಯದ ಬಹುತೇಕ ಸ್ಥಾನಗಳನ್ನು ಕಾಂಗ್ರೆಸ್ ಗೆದ್ದುಕೊಂಡಿತಾದರೂ ಬೆಂಗಳೂರು ದಕ್ಷಿಣದಲ್ಲಿ ಹನುಮಂತಯ್ಯನವರು ಸೋತರು. ಹೆಗ್ಡೆಯವರು ಮುಂದೆ ಲೋಕಸಭೆಯ ಅಧ್ಯಕ್ಷರಾದರು. ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನ ಸಿ. ಕೆ. ಜಾಫರ್ ಷರೀಫ್ ಜಯಗಳಿಸಿದರು.

ಕೆಂಗಲ್ ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು.

ಸ್ಮರಣೆ ಮತ್ತು ಪರಂಪರೆ

ವಿಧಾನಸೌಧದ ಆವರಣದಲ್ಲಿ ಹನುಮಂತಯ್ಯನವರ ಪ್ರತಿಮೆಯನ್ನು ಸ್ಥಾಪಿಸಲಾಗಿದೆ. ಲಾಲ್‌ಬಾಗ್ ಸಮೀಪದ ಜೋಡಿರಸ್ತೆಗೆ ಅವರ ಹೆಸರನ್ನು ಇಡಲಾಗಿದ್ದು, ಕೆ. ಎಚ್. ರಸ್ತೆ ಎಂಬ ಸಂಕ್ಷಿಪ್ತ ರೂಪದಲ್ಲಿ ಅದು ಬಳಕೆಯಲ್ಲಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಕಾನೂನು ಕಾಲೇಜೊಂದು ಅವರ ಹೆಸರನ್ನು ಹೊಂದಿದೆ.

ವಿಧಾನಸೌಧದ ಪಕ್ಕದಲ್ಲಿ ಅದೇ ಶೈಲಿಯನ್ನು ಅನುಸರಿಸಿ ವಿಕಾಸಸೌಧವನ್ನು ನಿರ್ಮಿಸಲಾಯಿತು. ಬೆಳಗಾವಿಯ ಸುವರ್ಣ ವಿಧಾನಸೌಧವು 2012ರ ಅಕ್ಟೋಬರ್ 11ರಂದು ಉದ್ಘಾಟನೆಗೊಂಡಿತು. ಏಕೀಕರಣದಿಂದ ಸೇರಿದ ಉತ್ತರದ ಜಿಲ್ಲೆಗಳಲ್ಲಿಯೂ ಶಾಸಕಾಂಗ ಸೇರಬೇಕೆಂಬ ಬೇಡಿಕೆಗೆ ಅದು ಉತ್ತರವಾಗಿತ್ತು. ವರ್ಷದಲ್ಲಿ ಕೆಲವೇ ದಿನಗಳ ಅಧಿವೇಶನಕ್ಕೆ ಅಷ್ಟು ದೊಡ್ಡ ಕಟ್ಟಡ ಬೇಕಿತ್ತೇ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿದೆ.

ಕ್ಷೇತ್ರಗಳ ಸಂಖ್ಯೆಯನ್ನು 1976ರ ಸಂವಿಧಾನ ತಿದ್ದುಪಡಿಯು 2001ರ ಜನಗಣತಿಯವರೆಗೆ ಸ್ಥಿರಗೊಳಿಸಿತು. ಅನಂತರದ ತಿದ್ದುಪಡಿಯು ಆ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ಹೀಗಾಗಿ 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯು ರಾಜ್ಯದ 224 ಮತ್ತು 28 ಎಂಬ ಸಂಖ್ಯೆಗಳನ್ನು ಬದಲಿಸದೆ ಒಳಗಿನ ಗಡಿಗಳನ್ನು ಮಾತ್ರ ಬದಲಿಸಿತು. ಗ್ರಾಮೀಣ ಜಿಲ್ಲೆಗಳ ಹಲವು ಕ್ಷೇತ್ರಗಳು ಇಲ್ಲವಾಗಿ, ಜನಸಂಖ್ಯೆ ಹೆಚ್ಚಿದ ಬೆಂಗಳೂರಿಗೆ ಹೊಸ ಕ್ಷೇತ್ರಗಳು ದೊರೆತವು. ಬೆಂಗಳೂರು ಕೇಂದ್ರ ಎಂಬ ಲೋಕಸಭಾ ಕ್ಷೇತ್ರ ಸೃಷ್ಟಿಯಾಯಿತು. ಹನುಮಂತಯ್ಯನವರ ಕಾಲದಲ್ಲಿ ನಗರದಂಚಿನ ಹಳ್ಳಿ, ತೋಟ ಮತ್ತು ಕೆರೆಬಯಲುಗಳಾಗಿದ್ದು ಇಂದು ಸಂಜಯನಗರ, ಹೆಬ್ಬಾಳ ಮುಂತಾದ ಜನನಿಬಿಡ ಬಡಾವಣೆಗಳಿರುವ ಪ್ರದೇಶವು ಆಗ ರಚನೆಯಾದ ಹೆಬ್ಬಾಳ ವಿಧಾನಸಭಾ ಕ್ಷೇತ್ರಕ್ಕೆ ಸೇರಿತು. ಹೆಬ್ಬಾಳವು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಭಾಗವಾಗಿದೆ.

ಮುಂದಿನ ಪುನರ್ವಿಂಗಡಣೆಯಲ್ಲಿ ಜನಸಂಖ್ಯೆಯೊಂದೇ ಅಳತೆಗೋಲಾದರೆ ದಕ್ಷಿಣದ ರಾಜ್ಯಗಳ ಪ್ರಾತಿನಿಧ್ಯ ಕುಗ್ಗಬಹುದೆಂಬ ಆತಂಕ ಕರ್ನಾಟಕದಲ್ಲಿಯೂ ವ್ಯಕ್ತವಾಗಿದೆ. 1955ರಲ್ಲಿ ಹಳೆಯ ಮೈಸೂರಿನ ಶಾಸಕರು ವಿಸ್ತೃತ ರಾಜ್ಯದ ಬಗ್ಗೆ ಹೊಂದಿದ್ದ ಭಯಕ್ಕೆ ಇದು ಹೋಲುತ್ತದೆ. ಅಂದು ತಮ್ಮ ಪ್ರದೇಶದ ಮತ್ತು ತಮ್ಮ ಸಮುದಾಯದ ಸಂಖ್ಯಾಬಲ ಕುಗ್ಗುವುದೆಂದು ತಿಳಿದಿದ್ದೂ ವಿಶಾಲ ರಾಜ್ಯವನ್ನು ಒಪ್ಪಿಕೊಂಡ ಮುಖ್ಯಮಂತ್ರಿ ಎಂಬ ಕಾರಣಕ್ಕಾಗಿ, ವಿಧಾನಸೌಧದ ನಿರ್ಮಾತೃ ಎಂಬ ಕಾರಣಕ್ಕೆ ಎಷ್ಟೋ ಅಷ್ಟೇ, ಕೆಂಗಲ್ ಹನುಮಂತಯ್ಯನವರ ಹೆಸರು ಕರ್ನಾಟಕದ ಇತಿಹಾಸದಲ್ಲಿ ಉಳಿದಿದೆ.